ಅಪ್ಪ ಒಡೆದುಕೊಟ್ಟ ಪದ

ಆಗಿನ್ನೂ ನಮ್ಮ ಮುಳ್ಳೂರಿನ ಮಕ್ಕಳಿಗೆ ಇಂಗ್ಲಿಷ್ ಅಂದರೆ ಜ್ವರ ಬರುತ್ತಿತ್ತು. ನಾನು ಕೊಳ್ಳೇಗಾಲದ ಶಾಲೆಯಲ್ಲಿ ಏಳನೆಯ ಕ್ಲಾಸು. ಸ್ಕೂಲ್ ಡೇಗೆ ಇಂಗ್ಲಿಷಿನ ಅತಿ ಉದ್ದದ ಪದವನ್ನು ಸ್ಟೇಜಿನ ಮೇಲೆ ಹೇಳಲು ವಿಜ್ಞಾನದ ಮೇಷ್ಟ್ರು ನನ್ನನ್ನು ಆರಿಸಿದರು: ನ್ಯೂಮೋನೋಅಲ್ಟ್ರಾಮೈಕ್ರೋಸ್ಕಾಪಿಕ್‌ಸಿಲಿಕೋವಾಲ್ಕೆನೋಕೋನಿಯೋಸಿಸ್. ಮೊದಲಿನ ‘ಪಿ’ ಬರೆಯಲಿಕ್ಕಷ್ಟೇ, ಬಾಯಲ್ಲಿ ಅನ್ನಬೇಡ ಎಂದರು. ಮಿಕ್ಕಿದ್ದು ನನ್ನ ಬಾಯಿಗೆ ಬಂದರೆ ತಾನೆ.

ಅಪ್ಪ ಕರಿಕಲ್ಲು ಕ್ವಾರಿಯಲ್ಲಿ ಕಲ್ಲು ಸೀಳುತ್ತಿದ್ದ. ಸಂಜೆ ಬಂದು ಅಂಗಿ ಒದರಿದರೆ ಜಗಲಿ ಬೆಳ್ಳಗಾಗುತ್ತಿತ್ತು. ಹುರುಳಿಸಾರಿನ ಘಮದ ಮೇಲೂ ಆ ಧೂಳಿನ ವಾಸನೆ ಬಂದು ಕೂರುತ್ತಿತ್ತು. ಹಾಳು ವಾಸನೆ, ಆದರೂ ಅಪ್ಪ ಬಂದನೆಂದು ನನಗೆ ಖುಷಿ. ನನ್ನ ಒದ್ದಾಟ ನೋಡಿ ಅವನು ಪಕ್ಕದಲ್ಲಿ ಕೂರಿಸಿಕೊಂಡ.

“ಒಂದೇ ಏಟ್ಗೆ ಒಡೀಬ್ಯಾಡ ಕಣವ್ವ. ಸಾಲಾಗಿ ತೂತಾಕಿ, ಒಂದೊಂದು ಬೆಣೆಗೂ ಮೆಲ್ಲಕ್ಕೆ ಏಟಾಕು. ಎಂಥ ಬಂಡೆನೂ ಸೀಳ್ಕತದೆ.”

ನ್ಯೂ-ಮೋ-ನೋ, ಅಲ್-ಟ್ರಾ, ಮೈ-ಕ್ರೋ-ಸ್ಕಾ-ಪಿಕ್, ಸಿ-ಲಿ-ಕೋ... ನನ್ನ ಒಂದೊಂದು ಚೂರಿಗೂ ಅಪ್ಪ ನೆಲಕ್ಕೆ ಬೆರಳು ಬಡಿಯುತ್ತಿದ್ದ. ನಾನು ಎಡವಿದರೆ ನಗುತ್ತಿದ್ದ, ನಗು ಕೆಮ್ಮಾಗುತ್ತಿತ್ತು. ಕೆಮ್ಮು ನಿಲ್ಲುವವರೆಗೂ ಅವ್ವ ಒಲೆಯ ಮುಂದೆ ಅಲ್ಲಾಡದೆ ಕೂತಿರುತ್ತಿದ್ದಳು. ದಸರಾ ಕಳೆದಮೇಲೆ ಅದು ಜಾಸ್ತಿಯೇ ಆಗಿತ್ತು, ಚಳಿಗೆ ಅಂದುಕೊಂಡಿದ್ದೆವು.

ಸ್ಕೂಲ್ ಡೇ ದಿನ ಅಪ್ಪ ಒಗೆದ ಅಂಗಿ ಹಾಕಿಕೊಂಡು ಬಂದು ಹಿಂದೆ ನಿಂತಿದ್ದ. ನಾನು ಎಲ್ಲೂ ತೊದಲಲಿಲ್ಲ. ಆಮೇಲೆ ಮೇಷ್ಟ್ರು ಮೈಕು ತೆಗೆದುಕೊಂಡು ಪದದ ಅರ್ಥ ಬಿಡಿಸಿದರು: ಕಣ್ಣಿಗೆ ಕಾಣದಷ್ಟು ಸಣ್ಣ ಕಲ್ಲಿನ ಧೂಳು ಉಸಿರಿನ ಜೊತೆ ಒಳಗಿಳಿದು ಶ್ವಾಸಕೋಶವನ್ನು ಗಟ್ಟಿ ಮಾಡುವ ಕಾಯಿಲೆ, ವಾಸಿಯಾಗುವಂಥದ್ದಲ್ಲ. ನಾನು ಜನರ ಹಿಂದೆ ನಿಂತಿದ್ದ ಅಪ್ಪನ ಕಡೆ ನೋಡಿದೆ. ಅವನು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದ.

ಬಸ್ಸಿನಲ್ಲಿ ಅವನ ಕೈ ಹಿಡಿದುಕೊಂಡು, ನಾಳೆಯಿಂದ ಕ್ವಾರಿಗೆ ಹೋಗಬೇಡ ಎಂದು ಅತ್ತೆ. ಅವನು ಟವೆಲಿನಿಂದ ನನ್ನ ಕಣ್ಣು ಒರೆಸಿದ.

“ಓಗ್ದಿದ್ರೆ ಆದದಾ ಮಗ. ನೀನು ಮಾತ್ರ ಚೆಂದಾಗೇಳ್ದೆ,” ಎಂದ.

ಬೆಳಿಗ್ಗೆ ನಾನು ಏಳುವುದರೊಳಗೆ ಹೊರಟುಹೋಗಿದ್ದ.

ಹೈಸ್ಕೂಲು ಮುಗಿಯುವ ಹೊತ್ತಿಗೆ ಅವನು ಹಾಸಿಗೆ ಹಿಡಿದ. ನನ್ನನ್ನು ಕರೆಯಲು ‘ಭಾಗ್ಯ’ ಅಂದು ನಿಲ್ಲಿಸಿ, ಉಸಿರು ಎಳೆದುಕೊಂಡಮೇಲೆ ‘ಲಕ್ಷ್ಮಿ’ ಅನ್ನಬೇಕಿತ್ತು. ಆ ಉಳಿದರ್ಧ ಬರುವ ಮೊದಲೇ ನಾನು ಓಡಿ ಮುಂದೆ ನಿಲ್ಲುತ್ತಿದ್ದೆ. ಈಗ ಆಫೀಸಿನಲ್ಲಿ, ಬೀದಿಯಲ್ಲಿ ಪೂರ್ತಿ ಹೆಸರು ಹಿಡಿದು ಕರೆಯುವವರು ಬೇಕಾದಷ್ಟು ಜನ. ಅರ್ಧಕ್ಕೇ ಎದ್ದು ಓಡಬೇಕಾದ ದನಿ ಒಂದೂ ಉಳಿದಿಲ್ಲ.