ಪರದೆಯ ಹಿಂದೆ ಹೊತ್ತ ಹರಕೆ

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅಜ್ಜಿ ನಮ್ಮನ್ನು ಕರೆದೊಯ್ದ ಚರ್ಚಿನೊಳಗೆ ದೊಡ್ಡ ಮರದ ಶಿಲುಬೆ ಇತ್ತೆಂದು ದಿನಚರಿಯಲ್ಲಿ ಬರೆದಿದ್ದೇನೆ. ಅಂದು ಜೊತೆಗಿದ್ದ ನನ್ನ ಸೋದರತ್ತೆ, “ಶಿಲುಬೆ ಎಲ್ಲಿತ್ತೇ? ಒಂದು ಮೇಜು, ಅದರ ಮ್ಯಾಲೆ ಬಿಳೀ ಬಟ್ಟೆ, ಅಷ್ಟೇ” ಎನ್ನುತ್ತಾಳೆ. ಆಗ ನನಗೆ ಹತ್ತು ವರ್ಷ. ಕಣ್ಣಾರೆ ಕಂಡವರ ಮಾತನ್ನೂ ಒರೆಗೆ ಹಚ್ಚಬೇಕೆಂದು ಮೈಸೂರಿನಲ್ಲಿ ಚರಿತ್ರೆ ಓದುವಾಗ ಕಲಿತೆ. ಆ ಕಂಡವಳು ನಾನೇ ಆದಾಗ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ.

ಕಟ್ಟಡದ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಅದು ಮೊದಲು ಚಳ್ಳಕೆರೆಯ ಸಂತೆ ಮೈದಾನದಾಚೆ ಶೇಂಗಾ ತುಂಬುವ ಗೋದಾಮಾಗಿತ್ತು. ತಗಡಿನ ಸೂರು, ಸಗಣಿ ಸಾರಿಸಿದ ನೆಲ. ಬಳ್ಳಾರಿ ಕಡೆಯವರೊಬ್ಬರು ಬಂದು ಅಲ್ಲಿ ಮೂಕಿ ಚಿತ್ರ ತೋರಿಸತೊಡಗಿದರು. ಪರದೆಯನ್ನು ಗೋಡೆಗೆ ಕಟ್ಟದೆ ನಡುಮಧ್ಯದ ಎರಡು ಕಂಬಗಳಿಗೆ ಬಿಗಿದಿದ್ದರು. ಮುಂದೆ ಗಂಡಸರು. ಹಿತ್ತಲ ಬಾಗಿಲಿನಿಂದ ಬರುವ ಹೆಂಗಸರು ಪರದೆಯ ಹಿಂದೆ. ಆಟಕ್ಕೆ ಮುಂಚೆ ಬಟ್ಟೆಗೆ ಕೊಡಗಟ್ಟಲೆ ನೀರೆರಚುತ್ತಿದ್ದರು. ಬಟ್ಟೆ ತೊಯ್ದರೆ ಚಿತ್ರ ಹಿಂದಿನವರಿಗೂ ಕಾಣುತ್ತಿತ್ತು, ಆದರೆ ಎಡಬಲ ಅದಲುಬದಲಾಗಿ. “ನಾವು ಕಂಡ ರಾಜರೆಲ್ಲ ಎಡಚರೇ” ಎಂದು ಅತ್ತೆ ಈಗಲೂ ನಗುತ್ತಾಳೆ.

ನನಗೆ ಮೂರು, ಅಣ್ಣನಿಗೆ ಐದು ವರ್ಷವಾಗಿದ್ದಾಗ ಇಬ್ಬರಿಗೂ ವಿಷಮ ಜ್ವರ ಬಂತು. ನಮ್ಮನ್ನು ಮನೆಯಲ್ಲೇ ಮಲಗಿಸಿ, ಅಜ್ಜಿ ಅತ್ತೆಯನ್ನು ಕರೆದುಕೊಂಡು ನಮ್ಮೂರು ಕೊಂಡ್ಲಹಳ್ಳಿಯಿಂದ ಗಾಡಿ ಕಟ್ಟಿಸಿ ಚಳ್ಳಕೆರೆಯ ಹಕೀಮ ಸಾಬರ ಬಳಿ ಹೋದಳು. ಔಷಧಿ ಅರೆಯಲು ಹೊತ್ತಾಗುತ್ತದೆ ಎಂದರಂತೆ ಸಾಬರು. ಸಂತೆಯ ದಿನ ಮಧ್ಯಾಹ್ನವೂ ಆಟವಿರುತ್ತಿತ್ತು. ಹದಿನೈದರ ಅತ್ತೆ ಅಜ್ಜಿಯನ್ನು ಒಳಗೆ ಎಳೆದಳು. ಅಂದು ದೇವರ ಚಿತ್ರ. ಕೃಷ್ಣ ನಡೆದು ಬಂದದ್ದೇ ತಡ, ಅಜ್ಜಿ ಎದ್ದು ಕೈ ಮುಗಿದು ಹರಕೆ ಹೊತ್ತಳು. ಮನೆಯಲ್ಲಿ ನಕ್ಕವರಿಗೆ ಅವಳ ಉತ್ತರ ಹೀಗಿತ್ತಂತೆ: “ಗುಡಿಯಾಗಿನ ದೇವ್ರು ನಿಂತಲ್ಲೇ ನಿಂತಿರ್ತಾನೆ. ಇವನು ತಿರುಗಿ ನನ್ನ ಮುಖ ನೋಡ್ದ.”

ಅಣ್ಣ ಉಳಿಯಲಿಲ್ಲ, ನಾನು ಉಳಿದೆ. “ಅಜ್ಜಿ ಹರಕೆಯಿಂದ ಉಳಿದ ಕೂಸು” ಎಂದು ಕೇರಿಯವರು ನನ್ನ ಗಲ್ಲ ಹಿಂಡುತ್ತಿದ್ದರು. ನನಗಾಗಿ ಒಬ್ಬರು ದೇವರ ಮುಂದೆ ಎದ್ದು ನಿಂತಿದ್ದರು ಎಂಬ ಹೆಮ್ಮೆಯಲ್ಲೇ ಬೆಳೆದೆ.

ಹತ್ತನೇ ವರ್ಷದಲ್ಲಿ ಮತ್ತೆ ಜ್ವರ ಬಂದು ಮಲಗಿದೆ. ಬಾಗಿಲಿಗೆ ಬಂದ ಕಣಿ ಹೇಳುವ ಹೆಂಗಸು, “ಹಳೇ ಹರಕೆ ಒಂದು ಬಾಕಿ ಐತೆ” ಎಂದಳು. ಅಜ್ಜಿಯ ಮುಖ ಕಪ್ಪಿಟ್ಟಿತು. ನಾನು ಎದ್ದು ಓಡಾಡುವಂತಾದ ಮೊದಲ ಭಾನುವಾರ ಕಾಯಿ, ಊದುಬತ್ತಿ, ಅತ್ತೆ, ನಾನು, ಎಲ್ಲರೂ ಗಾಡಿ ಏರಿದೆವು. ಅಷ್ಟರಲ್ಲಿ ಮಾತಾಡುವ ಟಾಕಿ ಚಿತ್ರಗಳು ಬಂದು ಮೂಕಿಯವರು ಮೂಟೆ ಕಟ್ಟಿದ್ದರು, ಬೀಗ ಬಿದ್ದ ಗೋದಾಮನ್ನು ಸುತ್ತಲ ಹಳ್ಳಿಗಳ ಕ್ರೈಸ್ತರು ಪ್ರಾರ್ಥನೆಗೆಂದು ಬಾಡಿಗೆಗೆ ಹಿಡಿದಿದ್ದರು. ನಮಗೆ ಇದೊಂದೂ ಗೊತ್ತಿರಲಿಲ್ಲ.

ಅಜ್ಜಿ ರೂಢಿಯಂತೆ ಹಿತ್ತಲ ಬಾಗಿಲಿನಿಂದಲೇ ನುಗ್ಗಿ, ಹೊಸ್ತಿಲಲ್ಲೇ ನಿಂತುಬಿಟ್ಟಳು. ಪರದೆಯಿಲ್ಲ. ಚಾಪೆಗಳ ಮೇಲೆ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು, ಹಾರ್ಮೋನಿಯಂ ಜೊತೆ ತೆಲುಗಿನಲ್ಲಿ ಹಾಡುತ್ತಿದ್ದಾರೆ.

“ಯವ್ವಾ! ಗಂಡಸ್ರ ಮಕ ಎಲ್ಲಾ ಕಾಣ್ತಾವಲ್ಲೇ!” ಎಂದಳು.

ಹಾಡು ನಿಂತಿತು. ಮೇಜಿನ ಹಿಂದೆ ಕೂತು ಪ್ರಾರ್ಥನೆ ನಡೆಸುತ್ತಿದ್ದ ಉಪದೇಶಿ ಎದ್ದು ಬಂದರು. “ಕೂತ್ಕಳ್ರಮ್ಮಾ. ಇದು ಈಗ ಚರ್ಚು. ಯಾರು ಬೇಕಾಗಿತ್ತು?”

“ಯಾರೂ ಬ್ಯಾಡಪ್ಪ. ಈ ಕಂಬದತ್ರ ಹರಕೆ ಹೊತ್ತಿದ್ದೆ. ಕಾಯಿ ಒಡೀಬೇಕು.”

“ಇಲ್ಲಿ ಕಾಯಿ ಒಡೆಯೋ ಪದ್ಧತಿ ಇಲ್ಲಮ್ಮ.”

“ನೀವು ಮೊನ್ನೆ ಬಂದೋರು. ಆ ದೇವ್ರು ನನ್ನ ನೋಡಿ ಏಳು ವರ್ಷ ಆತು!”

ಚಾಪೆಯ ಮೇಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅತ್ತೆ, “ಅವ್ವಾ, ಮಂದಿ ನಗ್ತಾರೆ, ನಡೀ” ಎಂದು ಅಜ್ಜಿಯ ತೋಳು ಹಿಡಿದಳು. ಉಪದೇಶಿಗಳು ನಗಲಿಲ್ಲ. “ಏನಂತ ಹರಕೆ ಹೊತ್ತಿದ್ರವ್ವಾ?” ಎಂದು ಮೆತ್ತಗೆ ಕೇಳಿದರು.

“ಮನ್ಯಾಗೆ ಎರಡು ಕೂಸಿಗೆ ಜ್ವರ ಇತ್ತು. ಗಂಡು ಕೂಸು ಉಳಿಸಿಕೊಡಪ್ಪಾ ಅಂದಿದ್ದೆ. ಅದು ಹೋತು, ಇದು ಉಳೀತು.” ನನ್ನ ರಟ್ಟೆ ಹಿಡಿದು ಮುಂದಕ್ಕೆ ತಳ್ಳಿದಳು. “ಕೇಳಿದ್ದು ಕೊಡ್ಲಿಲ್ಲ, ನಾನ್ಯಾಕೆ ಕೊಡ್ಲಿ ಅಂತ ಬರಲಿಲ್ಲ. ಈಗ ಆ ದೇವ್ರು ಇದನ್ನೂ ಕರೀತಾನೆ. ತಗಳ್ರಿ ಕಾಯಿ.”

ನನಗೆ ಅಳು ಬರಲಿಲ್ಲ. ಹಾರ್ಮೋನಿಯಂನವರು ಬೆರಳೆತ್ತಲು ಮರೆತದ್ದರಿಂದ ಒಂದೇ ಸ್ವರ ಕುಯ್ಯೆನ್ನುತ್ತಿತ್ತೆಂದು ಬರೆದಿದ್ದೇನೆ. ಇದನ್ನು ಆಮೇಲೆ ಸೇರಿಸಿದೆನೇನೋ. “ಇದು” ಎಂದು ತಳ್ಳಿದ್ದನ್ನು ಮಾತ್ರ ಸೇರಿಸಿಲ್ಲ.

ಕಡೆಗೆ ಉಪದೇಶಿಗಳ ಒಪ್ಪಿಗೆಯಿಂದ ಹಿತ್ತಲ ಬಾಗಿಲಾಚೆಯ ಕಲ್ಲಿನ ಮೇಲೆ ಕಾಯಿ ಒಡೆದಳು. ಹಿಂದಿರುಗುವಾಗ ಗಾಡಿಯಲ್ಲಿ ಎಳೆಯ ಚೂರುಗಳನ್ನೇ ಆರಿಸಿ ನನ್ನ ಬಾಯಿಗಿಟ್ಟಳು. ಜ್ವರದಲ್ಲಿ ರಾತ್ರಿಯೆಲ್ಲ ನನ್ನ ಪಾದ ತಿಕ್ಕಿದ್ದೂ, ಕಾಲೇಜಿಗೆ ಕಳಿಸಲು ಅಪ್ಪನೊಡನೆ ಜಗಳವಾಡಿದ್ದೂ ಅವಳೇ. ಇವೆಲ್ಲದರ ಪಕ್ಕ ಆ ಒಂದು ಮಾತನ್ನು ಎಲ್ಲಿಡಲಿ? ಅಜ್ಜಿಯನ್ನು ಕೇಳುವ ಧೈರ್ಯ ಬರುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ಪರದೆಯ ಹಿಂದೆ ಅಂದು ಅವಳ ಪಕ್ಕದಲ್ಲಿದ್ದವಳು ಅತ್ತೆಯೊಬ್ಬಳೇ. ಮೊಳಕಾಲ್ಮೂರಿನ ನೇಯುವ ಓಣಿಯಲ್ಲಿ ಅವಳ ಮನೆ. ಹೋದ ವರ್ಷ ಹೋಗಿದ್ದಾಗ ಅವಳು ರಾಟೆಯ ಮುಂದೆ ಕೂತು ರೇಷ್ಮೆ ನೂಲು ಸುತ್ತುತ್ತಿದ್ದಳು. ನಾನು ಕೇಳಿದೆ. ರಾಟೆ ನಿಂತಿತು. ನನ್ನನ್ನೇ ನೋಡಿ, ಮತ್ತೆ ತಿರುಗಿಸತೊಡಗಿದಳು. ಆಮೇಲೆ ಎರಡು ಕಾಗದ ಬರೆಸಿದ್ದಾಳೆ, ಎರಡರಲ್ಲೂ ಆ ಮಾತಿಲ್ಲ. ನಾನು ಕೇಳಿದ್ದು ಇಷ್ಟೇ:

“ಅತ್ತೆ, ಅಜ್ಜಿ ಕೈ ಮುಗಿದು ಬೇಡ್ಕೊಂಡಾಗ ಒಂದೇ ಒಂದು ಸಲನಾದ್ರೂ ನನ್ನ ಹೆಸರು ಹೇಳಿದ್ಲಾ?”