ಮಿರಜದವನು ಇರಲೇ ಇಲ್ಲ

ಅಶ್ವಿನಿ, ಮಿರಜದಲ್ಲಿ ಅಂಥ ಒಬ್ಬ ಮನುಷ್ಯ ಇರಲೇ ಇಲ್ಲ. ನಿನ್ನ ಅತ್ಯಾ, ನಿನ್ನ ಅಪ್ಪನ ತಂಗಿಯಾದ ನಾನು, ಯಾರನ್ನೂ ಪ್ರೀತಿಸಿರಲಿಲ್ಲ, ಯಾರೂ ನನ್ನನ್ನು ಬಿಟ್ಟುಹೋಗಿರಲಿಲ್ಲ. ಪ್ರೀತಿ ಎಂದರೆ— ಗಂಡು ಹೆಣ್ಣಿನ ನಡುವಿನ ಆ ಸೆಳೆತ. ಅದು ನನಗೆ ಹದಿನೆಂಟರಲ್ಲಿ ಆಗಲಿಲ್ಲ, ಮೂವತ್ತರಲ್ಲಿ ಆಗಲಿಲ್ಲ, ಈಗ ಐವತ್ತರ ಹತ್ತಿರ ಆಗುವ ಲಕ್ಷಣವೂ ಇಲ್ಲ. ಈ ವಯಸ್ಸಿಗೆ ಆದದ್ದು ಬಿ.ಪಿ. ಮಾತ್ರ.

ಆ ಮನುಷ್ಯನನ್ನು ಹುಟ್ಟಿಸಿದ್ದು ಊರು. ಟೈಪಿಂಗ್ ಕಲಿಯಲು ನಾನು ಕಾಗವಾಡದಿಂದ ಮಿರಜಕ್ಕೆ ಕೆಲವು ತಿಂಗಳು ಹೋಗಿಬಂದಿದ್ದೆ, ಅಷ್ಟೇ. ಆಮೇಲೆ ಬಂದ ಗಂಡುಗಳನ್ನೆಲ್ಲ ಬೇಡವೆಂದಾಗ ಜನ ತಾವೇ ಕಾರಣ ಹುಡುಕಿಕೊಂಡರು— "ಪಾಪ, ಮಿರಜದಾಗ ಯಾವನೋ ಕೈ ಕೊಟ್ಟಾನ." ನಾನು ಅಲ್ಲಗಳೆಯಲಿಲ್ಲ. ಮುರಿದ ಮನಸ್ಸಿಗೆ ನಮ್ಮಲ್ಲಿ ಮರ್ಯಾದೆ ಇದೆ. ಮದುವೆಮನೆಯಲ್ಲಿ ಕುರ್ಚಿ ಕೊಡುತ್ತಾರೆ, ದನಿ ತಗ್ಗಿಸಿ ಮಾತಾಡಿಸುತ್ತಾರೆ. ಏನೂ ಆಗದ ಮನಸ್ಸಿಗೆ ಏನೆಂದು ಹೇಳುವುದು? ವರ್ಷ ಕಳೆದಂತೆ ಆತ ದೊಡ್ಡವನಾದ. ನಿನ್ನ ಅವ್ವ, ನಮ್ಮ ವೈನಿ, ಅವನಿಗೆ ಮೀಸೆಯನ್ನೂ ಒಂದು ಸರಕಾರಿ ನೌಕರಿಯನ್ನೂ ಕೊಟ್ಟಳು.

ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದ್ದಕ್ಕೇ ಕಾದಂಬರಿ ಬರೆದೆ, ಹದಿಹರೆಯದವರಿಗೆಂದು. ನಾನು ಕಲಿಸುವ ಶಾಲೆಯ ಹುಡುಗಿಯರು ಓದುವ ಕತೆಗಳಲ್ಲೆಲ್ಲ ಕೊನೆಗೆ ಒಬ್ಬ ಸಿಕ್ಕೇ ಸಿಗುತ್ತಾನೆ. ನನ್ನ ನಾಯಕಿ ತಾರಾಳಿಗೆ ಯಾರೂ ಸಿಗುವುದಿಲ್ಲ. ಅವಳಿಗೆ ಬೇಕಾಗಿಯೂ ಇಲ್ಲ. ಅವಳಲ್ಲಿ ಏನೂ ಕೆಟ್ಟಿಲ್ಲ. ಗೆಳತಿಯರ ಜೊತೆ ಮಿಸಳ ತಿಂದು ನಗುತ್ತಿರುವಾಗಲೇ ಕತೆ ಮುಗಿಯುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಟ್ಟವಳು ನೀನೇ— ಆಗ ಚಿಕ್ಕೋಡಿಯಲ್ಲಿ ನನ್ನ ಮನೆಯಲ್ಲಿದ್ದು ಡಿಗ್ರಿ ಓದುತ್ತಿದ್ದೆ. ಕೊನೆಯ ಸಾಲು ಮುಗಿಸಿ ನೀನು ಹೇಳಿದೆ:

"ಅತ್ಯಾ, ನಾ ಹಿಂಗ ಅದೀನಿ. ತಾರಾನಂಗ. ಇಂಥಾಕೀನ ನಾ ಯಾ ಪುಸ್ತಕದಾಗೂ ನೋಡಿದ್ದಿಲ್ಲ."

ಮೊಬೈಲಿನಲ್ಲಿ ಹುಡುಕಿ ನೀನೇ ಮುಂದುವರಿಸಿದೆ, "ಇದಕ್ಕ ಅಸೆಕ್ಶುವಲ್ ಅಂತಾರಂತ."

"ಅದು ಅಮೀಬಾದ ಪಾಠದಾಗ ಬರ್ತೈತಲ್ಲಬೇ!" ಎಂದೆ ನಾನು. ನೀನು ನಕ್ಕೆ. ನಾನೂ ಅಂಥವಳೇ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ— ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಎದ್ದು ಹೋದೆ. ಹಾಲು ಇಟ್ಟಿರಲಿಲ್ಲ.

ಪ್ರಕಾಶಕರು ಫೋನ್ ಮಾಡಿ ಕೇಳಿದ್ದು ಇಷ್ಟೇ: "ಛಲೋ ಐತ್ರಿ ಅಕ್ಕೋರ. ಖರೆ, ಹುಡುಗಿ ಕಡೀಕೂ ಹಂಗ ಉಳೀತಾಳೇನ್ರಿ?" ಬದಲಿಸಿ ಎನ್ನಲಿಲ್ಲ. ಬದಲಿಸಿದವಳು ನಾನು. ಓದಿದವರು ತಾರಾ ಯಾರ ಹಾಗೆ ಎಂದು ಕೇಳಿದರೆ? ಸ್ಟಾಫ್ ರೂಮಿನಲ್ಲಿ ನನ್ನನ್ನೇ ನೋಡಿದರೆ? ಹೆದರಿ, ಕೊನೆಯ ಅಧ್ಯಾಯಕ್ಕೆ ಅಭಿಜಿತ ಎಂಬವನನ್ನು ಮೋಟಾರ್ ಸೈಕಲ್ ಮೇಲೆ ತಂದು ಇಳಿಸಿದೆ. ಮಳೆಯನ್ನೂ ಸುರಿಸಿದೆ. ತಾರಾ ನೋಡಿದ ಕೂಡಲೇ ಕರಗಿದಳು. ಆ ಅಧ್ಯಾಯವನ್ನು ನಿನಗೆ ಗೊತ್ತಾಗದ ಹಾಗೆ ಬೇರೆ ಕಡೆ ಟೈಪ್ ಮಾಡಿಸಿದೆ. ಪುಸ್ತಕ ಬಂದಾಗ ನೀನು ಓದಿ ಕಪಾಟಿನಲ್ಲಿಟ್ಟೆ, ಏನೂ ಕೇಳಲಿಲ್ಲ. ಕೇಳದಿದ್ದದ್ದಕ್ಕೆ ನಾನು— ಹೌದು, ಖುಷಿಪಟ್ಟೆ.

ಆಮೇಲೆ ನಿಪ್ಪಾಣಿಯವರು ನಿನ್ನನ್ನು ನೋಡಲು ಕಾಗವಾಡಕ್ಕೆ ಬಂದರು. ಗಂಡಿನ ತಾಯಿ ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತ, "ಕಡೀ ಅಧ್ಯಾಯ ಓದಿ ಕಣ್ಣಾಗ ನೀರ ಬಂತ್ರಿ ಅಕ್ಕೋರ!" ಎಂದರು. ನಾನು ಉಬ್ಬಿದೆ. ಒಳಗೆ ಬಂದರೆ ನೀನು ಸೀರೆ ಉಟ್ಟು, ಮದುವೆ ಬೇಡವೆಂದು ನಿಂತಿದ್ದೆ. ಬೇಡ ಎನ್ನುವ ಮಗಳನ್ನು ನಿನ್ನ ಅಪ್ಪ ಎಂದೂ ಒತ್ತಾಯ ಮಾಡುವವನಲ್ಲ. ಅದು ನಮಗೆಲ್ಲ ಗೊತ್ತಿತ್ತು. ವೈನಿ ನೆರಿಗೆ ಸರಿಮಾಡುತ್ತ, "ನಿಮ್ಮ ಅತ್ಯಾನ್ನ ಕೇಳ. ಆಕಿನ ಬರದಾಳ, ಟೈಮ ಬಂದ್ರ ಎಲ್ಲಾರಿಗೂ ಮನಸ ಆಗ್ತೈತಿ ಅಂತ" ಎಂದಳು.

ನೀನು ನನ್ನ ಕಡೆ ತಿರುಗಿದೆ. "ಅತ್ಯಾ, ಆ ಕಡೀ ಅಧ್ಯಾಯ ಖರೇನ? ನಿನಗೂ ಆಗಿತ್ತಲ್ಲಾ, ಮಿರಜದಾಗ?"

ವೈನಿ ನನ್ನನ್ನೇ ನೋಡುತ್ತಿದ್ದಳು. ಇಲ್ಲ ಎಂದಿದ್ದರೆ ಸಾಕಿತ್ತು.

"ಆಗಿತ್ತವ್ವಾ," ಎಂದೆ. "ತಡಾ ಆಗ್ತೈತಿ, ಖರೆ ಬರ್ತೈತಿ."

ನೀನು ಚಹಾದ ಟ್ರೇ ಎತ್ತಿಕೊಂಡು ಹೊರಗೆ ಹೋದೆ.

ನಿನ್ನ ಗಂಡ ಒಳ್ಳೆಯವನು. ಕೆಟ್ಟವನಾಗಿದ್ದರೆ ಅವನನ್ನು ಬೈದು ಹಗುರಾಗುತ್ತಿದ್ದೆ; ಆ ಅನುಕೂಲವೂ ಇಲ್ಲ. ಹೋದ ವಾರ ನೀನು ಫೋನ್ ಮಾಡಿದೆ. "ಅತ್ಯಾ, ನಿನಗ ಎಷ್ಟ ದಿನಾ ಹಿಡೀತು? ಮೂರ ವರ್ಷ ಆತು. ಅವರೂ ಕಾಯಾಕತ್ತಾರ, ನಾನೂ ಕಾಯಾಕತ್ತೇನಿ. ನನ್ನಾಗ ಏನ ಕಮ್ಮಿ ಐತಿ?"

"ಊಟ ಆತೇನವ್ವಾ?" ಎಂದೆ ನಾನು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಭಾಷೆ ಕಲಿಸಿದವಳ ಬಾಯಿಂದ ಬಂದ ಮಾತು ಅದು.

ಮರುದಿನವೇ ನಿಪ್ಪಾಣಿಯ ಬಸ್ ಹತ್ತಿದೆ, ಹೇಳಲೇಬೇಕೆಂದು. ನಿನ್ನ ಅತ್ತೆ ಚಹಾ ಕೊಟ್ಟರು, ಪುಸ್ತಕ ತಂದು ಸಹಿ ಕೇಳಿದರು. ಹಾಕಿದೆ. ಕೆಳಗೆ 'ಶುಭವಾಗಲಿ' ಎಂದೂ ಬರೆದೆ. ನೀನು ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದೆ, ಇವಳು ಏನೋ ಹೇಳಲು ಬಂದಿದ್ದಾಳೆ ಎನ್ನುವ ಹಾಗೆ. ಹೇಳದೆ ಎದ್ದು ಬಂದೆ.

ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಓದಿ ನೀನು ಏನು ಮಾಡಬೇಕೋ ನನಗೆ ತಿಳಿಯದು. ಗಂಡನಿಗೆ ಹೇಳಿದರೆ ಏನಾದೀತು, ಹೇಳದಿದ್ದರೆ ಏನಾದೀತು— ಎರಡನ್ನೂ ಎಷ್ಟು ಎಣಿಸಿದರೂ ಲೆಕ್ಕ ಮುಗಿದಿಲ್ಲ. ಊರಿಗೆ ಹೆದರಿದ್ದೆ ಎನ್ನಬಹುದು. ಊರು ನನ್ನನ್ನು ಏನೂ ಕೇಳಿರಲಿಲ್ಲ, ಕೇಳಿದವಳು ನೀನು.

ಭಾನುವಾರ ಕಾಗವಾಡಕ್ಕೆ ಹೋಗಿ ನಿನ್ನ ಅಪ್ಪ, ವೈನಿ ಇಬ್ಬರ ಮುಂದೆಯೂ ನನ್ನ ವಿಷಯ ಹೇಳುತ್ತೇನೆ. ನಿನ್ನದನ್ನಲ್ಲ— ನಿನ್ನದನ್ನು ಹೇಳುವುದೋ ಬಿಡುವುದೋ ನಿನಗೆ ಸೇರಿದ್ದು. ನಿನಗೆ ಮುಂದೆ ಎಂದಾದರೂ ಆ ಮನಸ್ಸು ಆಗಬಹುದು, ಆಗದೆಯೂ ಇರಬಹುದು. ಅದನ್ನು ಹೇಳಲು ನಾನು ಯಾರು? ನಿನ್ನಲ್ಲಿ ಏನೂ ಕಮ್ಮಿ ಇಲ್ಲ, ಇಷ್ಟು ಬಲ್ಲೆ. ನನಗೆ ಎಷ್ಟು ದಿನ ಹಿಡಿಯಿತೆಂದು ಕೇಳಿದ್ದೆಯಲ್ಲ. ಅದು ಬರಲೇ ಇಲ್ಲ, ಅಶ್ವಿನಿ. ನನ್ನ ಮಾತು ನಂಬಿ ಕಾಯಬೇಡ.