ಸೀಟಿನ ಕೆಳಗಿನ ನಳ

ಕಲಬುರಗಿ ಶಹಾಬಜಾರದ ಗ್ಯಾರೇಜಿನಾಗ ನಿಂತಿದ್ದ ಯಾರದೋ ಹಳೇ ಕಾರಿನಾಗ ಇವತ್ತು ಸುಮ್ಮನೆ ಕೂತೆ. ಸೀಮೆಎಣ್ಣೆ ವಾಸನಿಗೆ ಕೈ ತಾನಾಗೇ ಸೀಟಿನ ಕೆಳಗ ಹೋಯ್ತು.

ನಾ ಸಣ್ಣಾಕಿದ್ದಾಗ ಅಪ್ಪನ ಕಾರಿಗೆ ಎರಡು ಟ್ಯಾಂಕಿ. ಪೆಟ್ರೋಲಿನ ಮ್ಯಾಲೆ ಚಾಲೂ ಮಾಡಿ, ಆಮೇಲೆ ಸೀಮೆಎಣ್ಣೆ ಮ್ಯಾಲೆ ಓಡಸ್ತಿದ್ದ. ನಿಲ್ಲಸೋ ಮೊದಲು ಮತ್ತ ಪೆಟ್ರೋಲಿಗೆ ತಿರುವದಿದ್ರ ಮರುದಿನ ಚಾಲೂ ಆಗ್ತಿರಲಿಲ್ಲ. ನಮ್ಮೂರು ಕಮಲಾಪುರ ಕಂಡ ಕೂಡಲೇ "ಬೇಬಿ, ನಳ ತಿರುವು" ಅಂತಿದ್ದ. ಟ್ಯಾಂಕಿ ಬದಲಿಸೋ, ಸೀಟಿನ ಕೆಳಗಿನ ಆ ಹಿತ್ತಾಳಿ ನಳ ತಿರುವೋದು ನನ್ನ ಕೆಲಸ.

ಒಂದಿನ ಬಾಳೆಹಣ್ಣು ತಿನ್ಕೋತ, ತಿರುವದೇ "ಹ್ಞೂಂ ಅಪ್ಪ" ಅಂದುಬಿಟ್ಟೆ. ಮರುದಿನ ಮುಂಜಾನೆ ಅವ್ವಗ ಹೆರಿಗೆ ಬ್ಯಾನಿ. ಕಾರು ಚಾಲೂ ಆಗಲೇ ಇಲ್ಲ. ಬಸ್ಸಿನಾಗ ಕಲಬುರಗಿ ಮುಟ್ಟೋದ್ರಾಗ ಕೂಸು ಹೊಟ್ಟ್ಯಾಗೇ ಹೋಗಿತ್ತು.

"ನಾನೇ ನಳ ತಿರುವೋದು ಮರ್ತೆ ನೋಡ್ರೀ" ಅಂತ ಅಪ್ಪ ಸಾಯೋತನಕ ಎಲ್ಲರಿಗೂ ಹೇಳಿದ. ನಾ ಬಾಯಿ ಬಿಡಲಿಲ್ಲ.

"ಏನ್ ಹುಡುಕಾಕತ್ತೀರಿ ಅಕ್ಕಾ?" ಗ್ಯಾರೇಜಿನವ ಕೇಳಿದ.

"ಏನಿಲ್ಲಪ್ಪ" ಅಂದೆ. ಮತ್ತೊಂದು ಸುಳ್ಳು.